ಜಿರಾ ತಂತ್ರಾಂಶದ ದತ್ತಾಂಶವನ್ನು ಏರ್‌ಬೈಟ್ ಕನೆಕ್ಟರ್ ಮೂಲಕ ಪಡೆಯುವ ವಿಧಾನ: ಬಾಕಿ ಅರ್ಜಿಗಳು ಲೆಕ್ಕದಿಂದ ಬಿಟ್ಟುಹೋಗದಂತೆ ವಹಿಸಬೇಕಾದ ಎಚ್ಚರಿಕೆ

ಪೀಠಿಕೆ

ಸಾರ್ವಜನಿಕರಿಂದ ಅರ್ಜಿ, ದೂರು ಹಾಗೂ ಕೋರಿಕೆಗಳನ್ನು ಸ್ವೀಕರಿಸುವ ಕೆಲವು ಸಂಸ್ಥೆಗಳು ಅವುಗಳ ಪ್ರಗತಿಯನ್ನು ಕಾಗದದ ವಹಿಯ ಬದಲಾಗಿ ಗಣಕೀಕೃತ ತಂತ್ರಾಂಶದಲ್ಲಿ ದಾಖಲಿಸುತ್ತವೆ. ಆಸ್ಟ್ರೇಲಿಯಾದ ಅಟ್ಲಾಸಿಯನ್ ಸಂಸ್ಥೆಯು 2002ರಲ್ಲಿ ಹೊರತಂದ ಜಿರಾ ಇಂತಹ ತಂತ್ರಾಂಶಗಳಲ್ಲಿ ಒಂದು. ಇದರಲ್ಲಿರುವ ದತ್ತಾಂಶವನ್ನು ಮಾಸಿಕ ವರದಿಗೆ, ಬಾಕಿ ಪಟ್ಟಿಗೆ ಹಾಗೂ ಅರ್ಜಿದಾರರು ವೀಕ್ಷಿಸುವ ಸ್ಥಿತಿ ಫಲಕಕ್ಕೆ ಒದಗಿಸಬೇಕಾದಾಗ, ಅದರ ಪ್ರತಿಯನ್ನು ಬೇರೊಂದು ದತ್ತಸಂಚಯಕ್ಕೆ ವರ್ಗಾಯಿಸಲಾಗುತ್ತದೆ. 2020ರಲ್ಲಿ ಆರಂಭವಾದ ಏರ್‌ಬೈಟ್ ಈ ವರ್ಗಾವಣೆಯನ್ನು ನಿರ್ವಹಿಸುವ ವೇದಿಕೆಗಳಲ್ಲಿ ಒಂದಾಗಿದ್ದು, ಅದರಲ್ಲಿ ಜಿರಾದೊಡನೆ ಸಂಪರ್ಕ ಕಲ್ಪಿಸುವ ಭಾಗಕ್ಕೆ ಕನೆಕ್ಟರ್ ಎಂದು ಹೆಸರು.

ಜಿರಾದಲ್ಲಿ ಪ್ರತಿಯೊಂದು ಅರ್ಜಿಯೂ ಒಂದು ‘ಇಶ್ಯೂ’ ಆಗಿ ದಾಖಲಾಗುತ್ತದೆ. ಸಕಾಲ ಸೇವೆಗಳ ಅರ್ಜಿಗೆ ಜಿ.ಎಸ್.ಸಿ. ಸಂಖ್ಯೆಯನ್ನು ನೀಡುವಂತೆ, ಪ್ರತಿ ಇಶ್ಯೂಗೂ ಪ್ರಾಜೆಕ್ಟ್‌ನ ಸಂಕೇತಾಕ್ಷರ ಹಾಗೂ ಕ್ರಮ ಸಂಖ್ಯೆಯನ್ನೊಳಗೊಂಡ ಗುರುತು ನೀಡಲಾಗುತ್ತದೆ.

ಕನೆಕ್ಟರ್ ಅನ್ನು ಹೊಂದಿಸುವುದು ಕಠಿಣವಾದ ಕೆಲಸವಲ್ಲ. ಆದರೆ ಹೊಂದಿಸುವಾಗ ಆಗುವ ಕೆಲವು ಲೋಪಗಳು ಪರದೆಯ ಮೇಲೆ ದೋಷವೆಂದು ಕಾಣಿಸಿಕೊಳ್ಳುವುದಿಲ್ಲ. ವರದಿಯು ಸುಸೂತ್ರವಾಗಿ ಮುದ್ರಣವಾಗುತ್ತದೆ, ಆದರೆ ಕೆಲವು ಅರ್ಜಿಗಳು ಅದರಲ್ಲಿ ಇರುವುದೇ ಇಲ್ಲ. ಸಂಪರ್ಕ ಹೊಂದಿಸುವ ಸಿಬ್ಬಂದಿಗೂ, ತಮ್ಮ ಅರ್ಜಿಯ ಸ್ಥಿತಿ ತಿಳಿಯಬಯಸುವ ನಾಗರಿಕರಿಗೂ ಅನುಕೂಲವಾಗುವಂತೆ ಅಗತ್ಯ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಮುಂಚಿತವಾಗಿ ಸಿದ್ಧಪಡಿಸಿಕೊಳ್ಳಬೇಕಾದ ವಿವರಗಳು

1. ಡೊಮೇನ್: ಸಂಸ್ಥೆಯ ಜಿರಾ ತಾಣದ ವಿಳಾಸ. ಇದು ಸಾಮಾನ್ಯವಾಗಿ ‘ಅಟ್ಲಾಸಿಯನ್ ಡಾಟ್ ನೆಟ್’ ಎಂದು ಕೊನೆಗೊಳ್ಳುತ್ತದೆ. ವಿಳಾಸದ ಆರಂಭದಲ್ಲಿ ಬರುವ ‘ಎಚ್‌ಟಿಟಿಪಿಎಸ್’ ಭಾಗವನ್ನು ನಮೂದಿಸತಕ್ಕದ್ದಲ್ಲ.

2. ಇ-ಮೇಲ್: ಜಿರಾದಲ್ಲಿ ಖಾತೆ ಹೊಂದಿರುವ ಬಳಕೆದಾರರ ಇ-ಮೇಲ್ ವಿಳಾಸ. ಸಿಬ್ಬಂದಿಯ ವೈಯಕ್ತಿಕ ಖಾತೆಯ ಬದಲು ಈ ಉದ್ದೇಶಕ್ಕೆಂದೇ ಪ್ರತ್ಯೇಕ ಖಾತೆ ತೆರೆಯುವುದು ಸೂಕ್ತ. ಸಿಬ್ಬಂದಿ ವರ್ಗಾವಣೆಯಾಗಿ ಖಾತೆ ರದ್ದಾದಲ್ಲಿ ಸಂಪರ್ಕವೂ ಕಡಿತಗೊಳ್ಳುತ್ತದೆ.

3. ಎಪಿಐ ಟೋಕನ್: ಪ್ರವೇಶಪದದ ಬದಲಾಗಿ ಬಳಸುವ ರಹಸ್ಯ ಸಂಕೇತ. ಇದನ್ನು ಅಟ್ಲಾಸಿಯನ್ ಖಾತೆಯ ಭದ್ರತಾ ಪುಟದಲ್ಲಿ ಪಡೆಯಬಹುದು. ಟೋಕನ್ ಒಮ್ಮೆ ಮಾತ್ರ ಪರದೆಯ ಮೇಲೆ ಕಾಣುವುದರಿಂದ ತಕ್ಷಣವೇ ಸುರಕ್ಷಿತವಾಗಿ ಕಾಯ್ದಿರಿಸುವುದು. 2024ರ ಡಿಸೆಂಬರ್ 15ರ ನಂತರ ಪಡೆದ ಟೋಕನ್‌ಗಳಿಗೆ 1ರಿಂದ 365 ದಿನಗಳವರೆಗಿನ ಅವಧಿ ಮಾತ್ರ ಇರುತ್ತದೆ. ಮುಕ್ತಾಯದ ದಿನಾಂಕವನ್ನು ಕಚೇರಿಯ ವಹಿಯಲ್ಲಿ ನಮೂದಿಸಿ, ಅದಕ್ಕೆ ಮುನ್ನವೇ ಹೊಸದನ್ನು ಪಡೆಯತಕ್ಕದ್ದು.

4. ಅನುಮತಿ: ಸದರಿ ಖಾತೆಗೆ ಎಲ್ಲಾ ಸಂಬಂಧಿತ ಪ್ರಾಜೆಕ್ಟ್‌ಗಳಲ್ಲಿ ‘ಬ್ರೌಸ್ ಪ್ರಾಜೆಕ್ಟ್ಸ್’ ಎಂಬ ವೀಕ್ಷಣಾ ಅನುಮತಿ ಇರತಕ್ಕದ್ದು.

ಹೊಂದಿಸುವ ವಿಧಾನ

1. ಏರ್‌ಬೈಟ್‌ನ ‘ಸೋರ್ಸಸ್’ ವಿಭಾಗದಲ್ಲಿ ಹೊಸ ಮೂಲವನ್ನು ಸೇರಿಸುವ ಆಯ್ಕೆಯನ್ನು ತೆರೆದು, ಪಟ್ಟಿಯಿಂದ ಜಿರಾವನ್ನು ಆಯ್ಕೆ ಮಾಡುವುದು.

2. ಟೋಕನ್, ಡೊಮೇನ್ ಹಾಗೂ ಇ-ಮೇಲ್ ವಿವರಗಳನ್ನು ಭರ್ತಿ ಮಾಡುವುದು. ಪ್ರಾಜೆಕ್ಟ್‌ಗಳ ಪಟ್ಟಿ ಹಾಗೂ ಆರಂಭ ದಿನಾಂಕ ಐಚ್ಛಿಕ ಅಂಕಣಗಳು. ಇವುಗಳ ಪರಿಣಾಮವನ್ನು ಮುಂದೆ ವಿವರಿಸಲಾಗಿದೆ.

3. ವಿವರಗಳನ್ನು ಉಳಿಸಿದಾಗ ವೇದಿಕೆಯು ಸಂಪರ್ಕವನ್ನು ಪರೀಕ್ಷಿಸುತ್ತದೆ. ಪರೀಕ್ಷೆ ಯಶಸ್ವಿಯಾದಲ್ಲಿ ಖಾತೆ ಹಾಗೂ ಟೋಕನ್ ಸರಿಯಾಗಿವೆ ಎಂದಷ್ಟೇ ಅರ್ಥ. ಎಲ್ಲಾ ಅರ್ಜಿಗಳೂ ಕನೆಕ್ಟರ್‌ಗೆ ಕಾಣುತ್ತಿವೆ ಎಂದು ಭಾವಿಸತಕ್ಕದ್ದಲ್ಲ.

4. ದತ್ತಾಂಶ ತಲುಪಬೇಕಾದ ದತ್ತಸಂಚಯವನ್ನು, ಉದಾಹರಣೆಗೆ ಪೋಸ್ಟ್‌ಗ್ರೆಸ್ ಅನ್ನು, ಗುರಿಯಾಗಿ ಸೇರಿಸಿ ಎರಡರ ನಡುವೆ ಸಂಪರ್ಕ ರಚಿಸುವುದು.

5. ಅಗತ್ಯವಿರುವ ಪಟ್ಟಿಗಳನ್ನು ಮಾತ್ರ ಆಯ್ಕೆ ಮಾಡುವುದು. ಬಾಕಿ ಲೆಕ್ಕಕ್ಕೆ ಇಶ್ಯೂ, ಪ್ರಾಜೆಕ್ಟ್ ಹಾಗೂ ಸ್ಥಿತಿಗಳ ಪಟ್ಟಿ ಸಾಕಾಗುತ್ತವೆ. ಅರ್ಜಿದಾರರ ದೂರವಾಣಿ ಸಂಖ್ಯೆ, ವಿಳಾಸ ಮುಂತಾದವು ವಿವರಣೆ ಅಥವಾ ಟಿಪ್ಪಣಿ ಅಂಕಣಗಳಲ್ಲಿ ಇರುವ ಸಂಭವವಿರುವುದರಿಂದ, ಲೆಕ್ಕಕ್ಕೆ ಬೇಡವಾದ ಅಂಕಣಗಳನ್ನು ಕೈಬಿಡುವುದು.

6. ವರ್ಗಾವಣೆಯ ಬಗೆಯನ್ನು ಆರಿಸುವುದು. ಪ್ರತಿ ಬಾರಿಯೂ ಸಂಪೂರ್ಣ ಪ್ರತಿ ಪಡೆಯುವುದು ಒಂದು ಬಗೆ. ಹಿಂದಿನ ವರ್ಗಾವಣೆಯ ನಂತರ ಬದಲಾದ ದಾಖಲೆಗಳನ್ನು ಮಾತ್ರ ಪಡೆಯುವುದು ಇನ್ನೊಂದು ಬಗೆ. ಎರಡನೆಯದು ಶೀಘ್ರವಾದರೂ ಸಂಪೂರ್ಣವಾಗಿ ‘ಅಪ್‌ಡೇಟೆಡ್’ ಅಂಕಣವನ್ನು, ಅಂದರೆ ದಾಖಲೆ ಕೊನೆಯದಾಗಿ ಬದಲಾದ ಸಮಯವನ್ನು, ಅವಲಂಬಿಸಿದೆ.

ಆರಂಭ ದಿನಾಂಕದ ಬಗ್ಗೆ ವಿಶೇಷ ಸೂಚನೆ

ಆರಂಭ ದಿನಾಂಕದ ಅಂಕಣದಲ್ಲಿ ಆರ್ಥಿಕ ವರ್ಷದ ಮೊದಲ ದಿನವನ್ನು ನಮೂದಿಸಿದರೆ, ಆ ದಿನದಿಂದ ಸ್ವೀಕೃತವಾದ ಅರ್ಜಿಗಳು ಬರುತ್ತವೆ ಎಂಬ ಭಾವನೆ ಸಹಜ. ಇದು ಸರಿಯಲ್ಲ. ಇಶ್ಯೂಗಳ ವಿಷಯದಲ್ಲಿ ಈ ದಿನಾಂಕವನ್ನು ಅರ್ಜಿ ಸ್ವೀಕರಿಸಿದ ದಿನದೊಡನೆ ಹೋಲಿಸದೆ, ದಾಖಲೆಯು ಕೊನೆಯದಾಗಿ ಬದಲಾದ ದಿನದೊಡನೆ ಹೋಲಿಸಲಾಗುತ್ತದೆ.

ಉದಾಹರಣೆಗೆ, ಒಂದು ಅರ್ಜಿಯು 2025ರ ಜನವರಿ 10ರಂದು ಸ್ವೀಕೃತವಾಗಿ, ಫೆಬ್ರವರಿ 20ರಂದು ಅದರಲ್ಲಿ ಒಂದು ಟಿಪ್ಪಣಿ ದಾಖಲಾಗಿ, ಆನಂತರ ಯಾರೂ ಅದನ್ನು ತೆರೆದು ಕ್ರಮ ಕೈಗೊಂಡಿಲ್ಲವೆಂದು ಭಾವಿಸೋಣ. ಆರಂಭ ದಿನಾಂಕ 2025ರ ಏಪ್ರಿಲ್ 1 ಎಂದಿದ್ದಲ್ಲಿ ಈ ಅರ್ಜಿ ಪ್ರತಿಯೊಳಗೆ ಬರುವುದೇ ಇಲ್ಲ. ಅದೇ ಜನವರಿ 10ರಂದು ಸ್ವೀಕೃತವಾಗಿ ಮೇ ತಿಂಗಳಲ್ಲಿ ವಿಲೇವಾರಿಯಾದ ಮತ್ತೊಂದು ಅರ್ಜಿ ತಪ್ಪದೆ ಬರುತ್ತದೆ. ಹೀಗಾಗಿ ಕ್ರಮ ಕೈಗೊಂಡ ಅರ್ಜಿಗಳು ವರದಿಯಲ್ಲಿ ಉಳಿದು, ಯಾರೂ ಮುಟ್ಟದೆ ಬಿಟ್ಟ ಅರ್ಜಿಗಳೇ ಬಾಕಿ ಪಟ್ಟಿಯಿಂದ ಮರೆಯಾಗುತ್ತವೆ. ಯಾವ ಅರ್ಜಿಯನ್ನು ಹುಡುಕಿ ತೆಗೆಯುವುದು ಬಾಕಿ ಪಟ್ಟಿಯ ಉದ್ದೇಶವೋ ಅದೇ ಅರ್ಜಿ ಪಟ್ಟಿಯಲ್ಲಿರುವುದಿಲ್ಲ. ಆರಂಭಿಕ ಶಿಲ್ಕನ್ನು ಬಿಟ್ಟು ನಗದು ಪುಸ್ತಕ ಬರೆದಂತೆ ಲೆಕ್ಕವು ಮೊದಲ ಸಾಲಿನಲ್ಲೇ ತಪ್ಪುತ್ತದೆ.

ಆದ್ದರಿಂದ ಬಾಕಿ ಲೆಕ್ಕಕ್ಕಾಗಿ ಸಂಪರ್ಕ ಕಲ್ಪಿಸುವಾಗ ಆರಂಭ ದಿನಾಂಕವನ್ನು ಖಾಲಿ ಬಿಡುವುದು ಸೂಕ್ತ. ದಿನಾಂಕ ನೀಡಲೇಬೇಕಾದಲ್ಲಿ ಅತಿ ಹಳೆಯ ಬಾಕಿ ಅರ್ಜಿಗಿಂತ ಹಿಂದಿನ ದಿನಾಂಕವನ್ನು ನೀಡತಕ್ಕದ್ದು. ಈ ಅಂಕಣದ ಸಮಯವು ಭಾರತೀಯ ಕಾಲಮಾನಕ್ಕಿಂತ 5 ಗಂಟೆ 30 ನಿಮಿಷ ಹಿಂದಿರುವ ಅಂತರರಾಷ್ಟ್ರೀಯ ಕಾಲಮಾನದಲ್ಲಿರುತ್ತದೆ. ಭಾರತದಲ್ಲಿ ಏಪ್ರಿಲ್ 1 ಆರಂಭವಾಗುವ ಕ್ಷಣವನ್ನು ಅಲ್ಲಿ ಮಾರ್ಚ್ 31ರ 18:30 ಎಂದು ನಮೂದಿಸಬೇಕಾಗುತ್ತದೆ.

ಅರ್ಜಿಗಳು ಬಿಟ್ಟುಹೋಗುವ ಇತರ ಸಂದರ್ಭಗಳು

ಅನುಮತಿ ಇಲ್ಲದಿರುವುದು: ಖಾತೆಗೆ ಕಾಣದ ಪ್ರಾಜೆಕ್ಟ್ ಅಥವಾ ಗೋಪ್ಯತಾ ಮಟ್ಟ ವಿಧಿಸಿದ ಇಶ್ಯೂ ಕನೆಕ್ಟರ್‌ಗೂ ಕಾಣುವುದಿಲ್ಲ. ಹುಡುಕಾಟದ ಫಲಿತಾಂಶದಲ್ಲಿ ಅವು ಸೇರುವುದಿಲ್ಲವಾದ್ದರಿಂದ ದೋಷದ ಸಂದೇಶವೂ ಬರುವುದಿಲ್ಲ.

ಬೇರೆ ಪ್ರಾಜೆಕ್ಟ್‌ಗೆ ವರ್ಗಾವಣೆ: ಕನೆಕ್ಟರ್‌ನಲ್ಲಿ ಕೆಲವೇ ಪ್ರಾಜೆಕ್ಟ್‌ಗಳನ್ನು ನಮೂದಿಸಿದ್ದು, ಅರ್ಜಿಯನ್ನು ಪಟ್ಟಿಯಲ್ಲಿಲ್ಲದ ಪ್ರಾಜೆಕ್ಟ್‌ಗೆ ವರ್ಗಾಯಿಸಿದಲ್ಲಿ ಅದರ ಹಳೆಯ ಸ್ಥಿತಿಯೇ ಪ್ರತಿಯಲ್ಲಿ ಉಳಿಯುತ್ತದೆ. ವಿಲೇವಾರಿಯಾದ ನಂತರವೂ ಅರ್ಜಿದಾರರಿಗೆ ‘ಬಾಕಿ’ ಎಂದೇ ಕಾಣುತ್ತದೆ.

ಅಳಿಸಿದ ದಾಖಲೆ: ಜಿರಾದಲ್ಲಿ ಅಳಿಸಿದ ಇಶ್ಯೂ, ಬದಲಾದವುಗಳನ್ನು ಮಾತ್ರ ಪಡೆಯುವ ಬಗೆಯಲ್ಲಿ, ಪ್ರತಿಯಿಂದ ಅಳಿಯುವುದಿಲ್ಲ.

ಮೇಲ್ಕಂಡ ಲೋಪಗಳನ್ನು ಸರಿಪಡಿಸಿದ ಮಾತ್ರಕ್ಕೆ ಹಳೆಯ ದಾಖಲೆಗಳು ತಾವಾಗಿಯೇ ಬರುವುದಿಲ್ಲ. ಕನೆಕ್ಟರ್ ತಾನು ಕೊನೆಯದಾಗಿ ಓದಿದ ಸಮಯದಿಂದ ಮುಂದಕ್ಕೆ ಸಾಗುತ್ತದೆ. ಆದುದರಿಂದ ಅನುಮತಿ, ಪ್ರಾಜೆಕ್ಟ್ ಪಟ್ಟಿ ಅಥವಾ ಆರಂಭ ದಿನಾಂಕವನ್ನು ಬದಲಿಸಿದ ನಂತರ ಒಮ್ಮೆ ಸಂಪೂರ್ಣ ದತ್ತಾಂಶವನ್ನು ಹೊಸದಾಗಿ ಪಡೆಯತಕ್ಕದ್ದು.

ತಾಳೆ ನೋಡುವ ಕ್ರಮ

ಬ್ಯಾಂಕಿನ ಪಾಸ್ ಪುಸ್ತಕವನ್ನು ನಗದು ಪುಸ್ತಕದೊಡನೆ ತಾಳೆ ನೋಡುವಂತೆ, ಜಿರಾ ಹಾಗೂ ಪ್ರತಿಯನ್ನು ನಿಯತವಾಗಿ ತಾಳೆ ನೋಡುವುದು ಅವಶ್ಯಕ. ಎಲ್ಲಾ ಅರ್ಜಿಗಳನ್ನು ನೋಡಲು ಅಧಿಕಾರವುಳ್ಳ ಬೇರೊಂದು ಖಾತೆಯಿಂದ ಜಿರಾದಲ್ಲಿ ಎಣಿಕೆ ಮಾಡತಕ್ಕದ್ದು. ಕನೆಕ್ಟರ್‌ನ ಖಾತೆಯಿಂದಲೇ ಎಣಿಸಿದರೆ ಅದಕ್ಕೆ ಕಾಣದ ಅರ್ಜಿಗಳು ಎರಡೂ ಕಡೆ ಬಿಟ್ಟುಹೋಗಿ ಲೆಕ್ಕ ಸರಿಯಿದ್ದಂತೆ ತೋರುತ್ತದೆ.

ಎಣಿಕೆಯನ್ನು ಪ್ರಾಜೆಕ್ಟ್‌ವಾರು ಹಾಗೂ ಸ್ವೀಕೃತಿಯ ತಿಂಗಳುವಾರು ಮಾಡುವುದು. ಜಿರಾದಲ್ಲಿ 412 ಬಾಕಿ ಅರ್ಜಿಗಳಿದ್ದು ಪ್ರತಿಯಲ್ಲಿ 396 ಇವೆ ಎಂದಾದಲ್ಲಿ ವ್ಯತ್ಯಾಸ 16. ಈ 16 ಅರ್ಜಿಗಳೆಲ್ಲವೂ ಹಳೆಯ ತಿಂಗಳುಗಳಿಗೆ ಸೇರಿದ್ದರೆ ಆರಂಭ ದಿನಾಂಕವನ್ನೂ, ಒಂದೇ ಪ್ರಾಜೆಕ್ಟ್‌ಗೆ ಸೇರಿದ್ದರೆ ಅನುಮತಿಯನ್ನೂ ಮೊದಲು ಪರಿಶೀಲಿಸುವುದು.

ಅರ್ಜಿದಾರರ ಗಮನಕ್ಕೆ

1. ಇಂತಹ ಸ್ಥಿತಿ ಫಲಕದಲ್ಲಿ ಕಾಣುವುದು ಮೂಲ ದಾಖಲೆಯಲ್ಲ, ಅದರ ಪ್ರತಿ. ವರ್ಗಾವಣೆಯನ್ನು 24 ಗಂಟೆಗೊಮ್ಮೆ ನಿಗದಿಪಡಿಸಿದ್ದಲ್ಲಿ ಇಂದು ಆದ ಕ್ರಮ ನಾಳೆ ಕಾಣಬಹುದು.

2. ಫಲಕದಲ್ಲಿ ಅರ್ಜಿ ಕಾಣದಿದ್ದ ಮಾತ್ರಕ್ಕೆ ಅದು ತಿರಸ್ಕೃತವಾಗಿದೆ ಅಥವಾ ಸ್ವೀಕೃತವಾಗಿಯೇ ಇಲ್ಲ ಎಂದು ಭಾವಿಸಬೇಕಾಗಿಲ್ಲ. ಸ್ವೀಕೃತಿ ಪತ್ರದಲ್ಲಿರುವ ಸಂಖ್ಯೆಯನ್ನು ನೀಡಿ, ಮೂಲ ತಂತ್ರಾಂಶದಲ್ಲಿ ಪರಿಶೀಲಿಸುವಂತೆ ಕಚೇರಿಯನ್ನು ಕೋರಬಹುದು.

3. ಮತ್ತೊಮ್ಮೆ ಹೊಸ ಅರ್ಜಿ ಸಲ್ಲಿಸುವ ಮೊದಲು ಹಳೆಯ ಅರ್ಜಿಯ ಸ್ಥಿತಿ ತಿಳಿಯುವುದು ಒಳಿತು. ಹೊಸ ಅರ್ಜಿಯಿಂದ ಸ್ವೀಕೃತಿಯ ದಿನಾಂಕ ಬದಲಾಗಿ, ಕಾಲಮಿತಿಯ ಎಣಿಕೆ ಮೊದಲಿನಿಂದ ಆರಂಭವಾಗುವ ಸಂಭವವಿದೆ.

4. ಸಂಬಂಧಪಟ್ಟ ಸಂಸ್ಥೆಯು ಸಾರ್ವಜನಿಕ ಪ್ರಾಧಿಕಾರವಾಗಿದ್ದಲ್ಲಿ, ಮಾಹಿತಿ ಹಕ್ಕು ಅಧಿನಿಯಮ, 2005ರ ಅನ್ವಯ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಮಾಹಿತಿಯನ್ನು ಕೋರಲು ಅವಕಾಶವಿದೆ.

ಸ್ವೀಕೃತಿ ಪತ್ರವನ್ನು ಅರ್ಜಿಯ ಅಂತಿಮ ವಿಲೇವಾರಿಯವರೆಗೆ ಜೋಪಾನವಾಗಿ ಇಟ್ಟುಕೊಳ್ಳಲು ಅರ್ಜಿದಾರರನ್ನು ಕೋರಲಾಗಿದೆ. ಗಣಕಯಂತ್ರದ ಪಟ್ಟಿಯಿಂದ ಅರ್ಜಿ ಬಿಟ್ಟುಹೋದಾಗ ಅದು ಸಲ್ಲಿಕೆಯಾದುದಕ್ಕೆ ಅರ್ಜಿದಾರರ ಕೈಯಲ್ಲಿ ಉಳಿಯುವ ಆಧಾರ ಅದೇ ಆಗಿರುತ್ತದೆ.