ಹಿಟ್ಟಿನ ಪೊಟ್ಟಣದ ಮೇಲಿನ 405

ಜರ್ಮನಿಯ ಅಂಗಡಿಗಳಲ್ಲಿ ಗೋಧಿ ಹಿಟ್ಟಿನ ಸಾಲಿನೆದುರು ನಿಂತರೆ ಕಾಣುವುದು ಟೈಪ್ 405, 550, 1050 ಎಂಬ ಅಂಕಿಗಳು. ಮೈದಾ ಎಲ್ಲಿದೆ? ಬೆಂಗಳೂರಿನ ಬೇಕರಿ ತಿನಿಸು ತಿಂದು ಬೆಳೆದು ಈಗ ಮ್ಯೂನಿಕ್‌ನಲ್ಲೋ ಸ್ಟುಟ್‌ಗಾರ್ಟ್‌ನಲ್ಲೋ ನೆಲೆಸಿರುವವರು ಖಾರಾ ಬಿಸ್ಕತ್ತು ಮಾಡಲು ಹೊರಟರೆ ಮೊದಲು ತಡವರಿಸುವುದು ಇಲ್ಲೇ.

ಆ ಅಂಕಿ ಬೂದಿಯ ಲೆಕ್ಕ. ತೇವ ತೆಗೆದ 100 ಗ್ರಾಂ ಹಿಟ್ಟನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಪಿಷ್ಟ, ಪ್ರೋಟೀನು ಎಲ್ಲ ಉರಿದುಹೋಗಿ ಖನಿಜಾಂಶ ಮಾತ್ರ ಉಳಿಯುತ್ತದೆ. ಅದು 405 ಮಿಲಿಗ್ರಾಂ ಆಸುಪಾಸಿನಲ್ಲಿದ್ದರೆ ಟೈಪ್ 405. ಗೋಧಿಯ ಖನಿಜಗಳು ಹೆಚ್ಚಾಗಿ ತೌಡಿನ ಪದರದಲ್ಲೇ ಇರುವುದರಿಂದ ಅಂಕಿ ಕಡಿಮೆಯಾದಷ್ಟೂ ಹಿಟ್ಟು ಬಿಳಿ. ನಮ್ಮ ಮೈದಾಕ್ಕೆ ಹತ್ತಿರದವು 405 ಮತ್ತು 550.

ಆದರೆ ಬೂದಿ ಹೇಳುವುದು ಹಿಟ್ಟಿನ ಬಿಳುಪನ್ನು, ಜಿಗುಟನ್ನಲ್ಲ. ನೀರು ಬಿದ್ದ ಹಿಟ್ಟನ್ನು ನಾದಿದಾಗ ಗ್ಲುಟೆನಿನ್, ಗ್ಲಯಡಿನ್ ಎಂಬ ಪ್ರೋಟೀನುಗಳು ಬೆಸೆದುಕೊಂಡು ಗ್ಲುಟೆನ್ ಬಲೆಯಾಗುತ್ತವೆ. ಉಬ್ಬಿದ ಅನಿಲವನ್ನು ಹಿಡಿದಿಡಲು ಬನ್ನಿಗೆ ಈ ಬಲೆ ಗಟ್ಟಿಯಾಗಿರಬೇಕು. ಪುಡಿಪುಡಿಯಾಗಬೇಕಾದ ಬಿಸ್ಕತ್ತಿಗೆ ಅದು ಸಡಿಲವಾಗಿದ್ದಷ್ಟೂ ಒಳ್ಳೆಯದು. ಹಾಗಾಗಿ ಪೊಟ್ಟಣ ತಿರುಗಿಸಿ ಪೋಷಕಾಂಶದ ಪಟ್ಟಿಯಲ್ಲಿ ಪ್ರೋಟೀನಿನ ಸಾಲು ಹುಡುಕಿ. 100 ಗ್ರಾಂಗೆ 10 ಗ್ರಾಂ ಆಸುಪಾಸಿದ್ದರೆ ಬಿಸ್ಕತ್ತು, ಕೇಕು; 11–12 ಇದ್ದರೆ ಬನ್ನು. ಮುಂಬದಿಯ ದಪ್ಪ ಅಂಕಿಗಿಂತ ಹಿಂಬದಿಯ ಈ ಸಣ್ಣ ಅಕ್ಷರದ ಸಾಲನ್ನೇ ನಾನು ಹೆಚ್ಚು ನಂಬುತ್ತೇನೆ.

ಹಿಟ್ಟಾದ ಮೇಲೆ ಅದನ್ನು ಉಬ್ಬಿಸುವ ಮಾತು. ಅಡುಗೆ ಸೋಡಾ ಜರ್ಮನಿಯಲ್ಲಿ ನಾಟ್ರೋನ್ ಎಂಬ ಹೆಸರಿನಲ್ಲಿ ಸುಲಭವಾಗಿ ಸಿಗುತ್ತದೆ. ಮೊಟ್ಟೆಯಿಲ್ಲದ ನಮ್ಮ ಕೇಕಿನಲ್ಲಿ ಸೋಡಾದ ಜೋಡಿ ಮೊಸರು. ಮೊಸರಿನ ಲ್ಯಾಕ್ಟಿಕ್ ಆಮ್ಲ ಸೋಡಾದೊಂದಿಗೆ ಸೇರಿದ ಕೂಡಲೇ ಕಾರ್ಬನ್ ಡೈಆಕ್ಸೈಡ್ ಗುಳ್ಳೆಗಳೇಳುತ್ತವೆ. ಮೊಸರಿಲ್ಲವೆಂದು ಬರೀ ಹಾಲು ಸುರಿದರೋ, ಕೆಲಸ ಕೆಟ್ಟಿತು. ಆಮ್ಲ ಸಾಲದ ಸೋಡಾ ಓವನ್ನಿನ ಶಾಖಕ್ಕಷ್ಟೇ ಒಡೆದರೆ ಬಿಡುವ ಅನಿಲ ಅರ್ಧದಷ್ಟು ಮಾತ್ರ. ಹಿಂದೆ ಉಳಿಯುವ ಸೋಡಿಯಂ ಕಾರ್ಬೊನೇಟ್ ಕೇಕಿಗೆ ಮಾಸಲು ಹಳದಿ ಬಣ್ಣವನ್ನೂ ಸೋಪಿನ ರುಚಿಯನ್ನೂ ಅಂಟಿಸುತ್ತದೆ. ಒಂದು ಲೋಟ ಹಾಲಿಗೆ ಒಂದು ದೊಡ್ಡ ಚಮಚ ನಿಂಬೆರಸ ಹಿಂಡಿ ಹತ್ತು ನಿಮಿಷ ಬಿಟ್ಟರೆ ಬೇಕಾದ ಹುಳಿ ಸಿಕ್ಕಿತು.

ಬೇಕಿಂಗ್ ಪೌಡರಿಗೆ ಈ ತಾಪತ್ರಯವಿಲ್ಲ, ಆಮ್ಲ ಅದರೊಳಗೇ ಇರುತ್ತದೆ. 1890ರ ದಶಕದಲ್ಲಿ ಬೀಲೆಫೆಲ್ಡ್ ಊರಿನ ಔಷಧ ವ್ಯಾಪಾರಿ ಆಗಸ್ಟ್ ಓಟ್ಕರ್ ಅರ್ಧ ಕಿಲೋ ಹಿಟ್ಟಿಗೊಂದರಂತೆ ಅಳೆದು ಪುಟ್ಟ ಪೊಟ್ಟಣಗಳಲ್ಲಿ ಮಾರಿದರು. ಜರ್ಮನ್ ಮನೆಗಳಲ್ಲಿ ಇಂದಿಗೂ ಅದೇ ಅಳತೆ. ಹಾಗೆಂದು ಸೋಡಾದ ಜಾಗಕ್ಕೆ ಅಷ್ಟೇ ಪೌಡರ್ ಹಾಕಿದರೆ ಸಾಲದು, ಸುಮಾರು ಮೂರು ಪಟ್ಟು ಬೇಕು.

ಇನ್ನು ಅಮೆರಿಕದ ಕುಕೀಗಳಿಗೆ ಬೇಕಾದ ಒದ್ದೆಯೊದ್ದೆ ಕಂದು ಸಕ್ಕರೆ. ಜರ್ಮನಿಯಲ್ಲಿ ಕಂದು ಸಕ್ಕರೆಯೆಂದು ಸಿಗುವುದು ಬಹುಪಾಲು ಒಣ ಹರಳು, ಅದು ಕುಕಿಯನ್ನು ಮೆತ್ತಗಿಡದು. ಅಮೆರಿಕದ್ದು ಕಾಕಂಬಿ ಬೆರೆತ ಸಕ್ಕರೆ. ಕಾಕಂಬಿ ತೇವ ಹಿಡಿಯುತ್ತದೆ, ಕೊಂಚ ಹುಳಿಯನ್ನೂ ಕೊಡುತ್ತದೆ. ಜರ್ಮನ್ನರು ಬ್ರೆಡ್ಡಿಗೆ ಸವರಿಕೊಳ್ಳುವ ಸಕ್ಕರೆ ಬೀಟ್ ಗೆಡ್ಡೆಯ ಪಾಕ ನೋಡಲು ಮಲೆನಾಡಿನ ಜೋನಿಬೆಲ್ಲದಂತೆಯೇ ಇದೆ. 100 ಗ್ರಾಂ ಬಿಳಿ ಸಕ್ಕರೆಗೆ ಅದರ ಒಂದು ಚಮಚ ಹಾಕಿ ಬೆರಳಲ್ಲಿ ಉಜ್ಜಿದರೆ ಸಾಕು.