ಬರೆಯದೆ ಬಿಟ್ಟ ಜಾಗದ ಅರ್ಥ

ಎರಡು ಭಾಷೆಗಳ ನಡುವೆ ಬಾಳುವ ನಮಗೆ ಅನುವಾದದ ತೊಡಕು ಹೊಸತಲ್ಲ. ಮಲಯಾಳದ ನಮೂನೆಗಳನ್ನು ಹೆತ್ತವರಿಗೆ ಕನ್ನಡದಲ್ಲಿ ತಿಳಿಸಿ ಹೇಳುವ ಕೆಲಸ ನಮ್ಮಂಥ ಅಧ್ಯಾಪಕರಿಗೆ ವರ್ಷವರ್ಷವೂ ಇದ್ದದ್ದೇ. ಇದೇ ತೊಡಕು ಕಂಪ್ಯೂಟರಿಗೂ ಇದೆ ಎಂದರೆ ಓದುಗರಿಗೆ ಅಚ್ಚರಿಯಾದೀತು.

ಒಂದು ವಿಷಯದಲ್ಲಿ ಏನೇನಿದೆ, ಯಾವುದು ಯಾವ ವರ್ಗಕ್ಕೆ ಸೇರಿದೆ, ಅವುಗಳೊಳಗಿನ ಸಂಬಂಧವೇನು ಎಂಬುದನ್ನು ಕಂಪ್ಯೂಟರಿಗೆ ತಿಳಿಯುವಂತೆ ಬರೆದಿಡುವುದಕ್ಕೆ ‘ಆಂಟಾಲಜಿ’ ಎಂದು ಹೆಸರು. ಹೀಗೆ ಬರೆಯುವ ಭಾಷೆಗಳು ಹಲವು. ಒಂದರಿಂದ ಇನ್ನೊಂದಕ್ಕೆ ಪದಗಳು ದಾಟಿಯಾವು. ಬರೆಯದೆ ಬಿಟ್ಟುದರ ಅರ್ಥ ದಾಟುವುದೇ ಕಷ್ಟ.

ರೈಲು ನಿಲ್ದಾಣದ ವೇಳಾಪಟ್ಟಿಯಲ್ಲಿ ಹೆಸರಿಲ್ಲದ ಗಾಡಿ ಅಲ್ಲಿ ನಿಲ್ಲುವುದಿಲ್ಲವೆಂದೇ ತಿಳಿಯುತ್ತೇವೆ. ಆದರೆ ಮನೆಯ ಹಳೆಯ ಪುಸ್ತಕದಲ್ಲಿ ಅಜ್ಜಿಯ ಜನ್ಮದಿನ ಬರೆದಿಲ್ಲವೆಂದರೆ ಅಜ್ಜಿ ಹುಟ್ಟಲೇ ಇಲ್ಲವೆನ್ನುವವರುಂಟೆ? ಅಲ್ಲಿ ‘ಗೊತ್ತಿಲ್ಲ’ ಎಂದಷ್ಟೇ ಅರ್ಥ.

1972ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ರೂಪುಗೊಂಡ ‘ಪ್ರೊಲಾಗ್’ ಮೊದಲನೆಯ ರೀತಿಯದು. ತನ್ನಲ್ಲಿರುವ ಮಾಹಿತಿಯಿಂದ ಸಾಧಿಸಲಾಗದ್ದನ್ನು ಅದು ‘ಇಲ್ಲ’ವೆಂದೇ ಎಣಿಸುತ್ತದೆ. ವಿದ್ವಾಂಸ ರೇಮಂಡ್ ರೈಟರ್ 1978ರಲ್ಲಿ ಇಂಥ ಎಣಿಕೆಯನ್ನು ‘ಮುಚ್ಚಿದ ಜಗತ್ತು’ ಎಂದು ಕರೆದು ವಿವರಿಸಿದರು. 2004ರಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಅಂಗೀಕರಿಸಿದ ‘ಔಲ್’ ಭಾಷೆ ಎರಡನೆಯ ರೀತಿಯದು. ಅಲ್ಲಿ ಜಗತ್ತು ತೆರೆದಿದೆ, ಬರೆಯದ್ದು ‘ಗೊತ್ತಿಲ್ಲ’ವಷ್ಟೇ.

ಒಂದು ಶಾಲೆಯ ಪಟ್ಟಿಯನ್ನು ಊಹಿಸಿಕೊಳ್ಳೋಣ. ಒಬ್ಬ ಹುಡುಗಿಯ ಹೆಸರಿನೆದುರು ‘ಕನ್ನಡ ಬಲ್ಲಳು’ ಎಂಬ ಅಂಕಣ ಖಾಲಿಯಿದೆ. ಔಲ್ ಅವಳ ವಿಷಯದಲ್ಲಿ ತೀರ್ಪು ಕೊಡದೆ ಸುಮ್ಮನಿರುತ್ತದೆ. ಅದೇ ಪಟ್ಟಿಯನ್ನು ಪ್ರೊಲಾಗಿಗೆ ಹಾಗೆಯೇ ಇಳಿಸಿ ‘ಕನ್ನಡ ಬಾರದವರು ಯಾರು?’ ಎಂದು ಕೇಳಿದರೆ ಅವಳ ಹೆಸರೂ ಬರುತ್ತದೆ! ಒಂದಕ್ಷರವೂ ಬದಲಾಗಿಲ್ಲ, ಮಗುವಿನ ಭಾಷೆ ಮಾತ್ರ ಅಳಿಸಿಹೋಯಿತು.

ಇದಕ್ಕೆ ಪರಿಹಾರವುಂಟು. ‘ಗೊತ್ತಿಲ್ಲ’ ಎಂಬುದನ್ನೂ ಒಂದು ಉತ್ತರವಾಗಿ ಬರೆದಿಡಬೇಕು. ಪ್ರೊಲಾಗಿನಿಂದ ಔಲ್‌ಗೆ ಬರುವಾಗ ‘ಪಟ್ಟಿಯಲ್ಲಿರುವವರು ಇಷ್ಟೇ, ಬೇರೆ ಯಾರೂ ಇಲ್ಲ’ ಎಂದು ಬಾಯಿಬಿಟ್ಟು ಹೇಳಬೇಕು. ಅನುವಾದಕನು ಮಾತಿನಷ್ಟೇ ಮೌನವನ್ನೂ ತಿಳಿದಿರಬೇಕೆಂದಾಯಿತು.

ಇದರಲ್ಲಿ ನಮಗೂ ಪಾಠವಿದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವ ನಾವು ಭಾಷೆಯ ಅಂಕಣ ಬಂದಾಗ ‘ಅದೇನು ಮಹಾ’ ಎಂದು ಖಾಲಿ ಬಿಡುವುದುಂಟು. ಓದುವ ಯಂತ್ರ ಅದನ್ನು ಯಾವ ರೀತಿ ಎಣಿಸುವುದೋ ಬಲ್ಲವರಾರು? ಹೆತ್ತವರೇ, ಆ ಅಂಕಣವನ್ನು ತುಂಬಿಯೇ ಕೊಡಿ.