ಉರಿಯಿಲ್ಲದ ಕ್ಷೌರ

ಬೆಳಗಿನ ಕ್ಷೌರ ಮುಗಿಸಿ ಕುತ್ತಿಗೆ ಸವರಿಕೊಂಡಾಗ ಉರಿಯುತ್ತದೆಯೆ? ದವಡೆಯ ಕೆಳಗೆ ಸಾಸಿವೆ ಕಾಳಿನಂಥ ಗುಳ್ಳೆಗಳೆದ್ದು, ಆರಿದ ಮೇಲೂ ಕಪ್ಪು ಕಲೆ ಉಳಿಸಿ ಹೋಗುತ್ತವೆಯೆ? ಹಾಗಿದ್ದರೆ ನೀವು ಬ್ಲೇಡನ್ನು ಬೈದಿರುತ್ತೀರಿ. ಅದಕ್ಕಿಂತ ಬೆಲೆಯಾದ ಇನ್ನೊಂದನ್ನು ಕೊಂಡೂ ಇರುತ್ತೀರಿ. ಆದರೂ ಉರಿ ಹೋಗಿರಲಾರದು. ಹೆಚ್ಚಿನ ಸಲ ಕೊರತೆ ಇರುವುದು ನೀರಿನಲ್ಲಿ.

ಗಡ್ಡದ ಕೂದಲು ತಲೆಗೂದಲಿಗಿಂತ ದಪ್ಪ, ಒರಟು. ಅದೇ ಕೂದಲು ಬೆಚ್ಚನೆಯ ನೀರಿನಲ್ಲಿ ಎರಡು ಮೂರು ನಿಮಿಷ ನೆನೆದರೆ ನೀರು ಕುಡಿದು ಉಬ್ಬುತ್ತದೆ, ಮೆತ್ತಗಾಗುತ್ತದೆ. ಅಲಗು ಎಳೆದಾಡದೆ ಕತ್ತರಿಸುತ್ತದೆ. ಆದುದರಿಂದ ಸ್ನಾನವಾದ ಮೇಲೆ ಕ್ಷೌರ ಮಾಡಿಕೊಳ್ಳುವುದು ಮೇಲು. ನಮ್ಮ ಮನೆಗಳ ಹಿರಿಯರು ಇದಕ್ಕೆ ಒಪ್ಪಲಾರರು. ಕ್ಷೌರವಾದ ಮೇಲೆಯೇ ಸ್ನಾನ ಎಂಬುದು ಅವರ ಕ್ರಮ. ಅವರೊಡನೆ ವಾದ ಬೇಡ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವಲನ್ನು ಎರಡು ಮೂರು ನಿಮಿಷ ಮುಖಕ್ಕೆ ಒತ್ತಿ ಹಿಡಿದರೂ ಅದೇ ಫಲ.

ಬಳಿಕ ನೊರೆ. ಅದರ ಕೆಲಸ ಕುಡಿದ ನೀರು ಆರಿಹೋಗದಂತೆ ತಡೆಯುವುದು ಮತ್ತು ಅಲಗು ಜಾರುವಂತೆ ಮಾಡುವುದು. ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ನೊರೆಗಟ್ಟದೆ ಬಿಳಿಯ ಜಿಡ್ಡಾಗಿ ಬಿಡುತ್ತದೆ. ಅಂಥ ಊರಿನವರು ಇದಕ್ಕೆಂದು ಕುಡಿಯುವ ಶೋಧಿಸಿದ ನೀರನ್ನು ಒಂದು ಲೋಟ ತೆಗೆದಿಟ್ಟುಕೊಳ್ಳಲಿ. ಮೈಸೋಪನ್ನೇ ಮುಖಕ್ಕೆ ತಿಕ್ಕಿ ಕ್ಷೌರ ಮುಗಿಸುವವರು ಅನೇಕರು. ಚರ್ಮದ ಗುಣ ಕೊಂಚ ಆಮ್ಲ, ಮೈಸೋಪಿನದು ಕ್ಷಾರ. ಚರ್ಮ ಬಿಗಿದುಕೊಳ್ಳುವುದು ಸಹಜ. ಕ್ಷೌರದ ಕ್ರೀಮಿಗೆ ಕೊಡುವ ಹಣ ದಂಡವಲ್ಲ. ಸುವಾಸನೆ ಕಡಿಮೆಯಿದ್ದಷ್ಟೂ ಒಳ್ಳೆಯದು.

ಇನ್ನು ಅಲಗು. ಕಿಂಗ್ ಕ್ಯಾಂಪ್ ಜಿಲೆಟ್ಟನ ಕಂಪನಿ 1903ರಲ್ಲಿ ಮಾರಾಟಕ್ಕೆ ತೊಡಗಿದಾಗ ಆ ವರ್ಷ ಹೋದದ್ದು 51 ರೇಜರು, 168 ಬ್ಲೇಡು. ಅದೇ ಕಂಪನಿ 1971ರಲ್ಲಿ ಎರಡಲಗಿನ ಕಾರ್ಟ್ರಿಜ್ಜನ್ನು ತಂದಿತು. ಈಗ ಐದಲಗಿನವೂ ಇವೆ. ಇಲ್ಲಿ ಒಂದು ಸೂಕ್ಷ್ಮವಿದೆ. ಮೊದಲ ಅಲಗು ಕೂದಲನ್ನು ತುಸು ಹೊರಗೆಳೆಯುತ್ತದೆ. ಅದು ಒಳಸರಿಯುವ ಮೊದಲೇ ಹಿಂದಿನ ಅಲಗು ಬುಡಕ್ಕೆ ಕತ್ತರಿಸುತ್ತದೆ. ಕತ್ತರಿಸಿದ ತುದಿ ಚರ್ಮದ ಮಟ್ಟಕ್ಕಿಂತ ಕೆಳಗಿಳಿದು ಕೂರುತ್ತದೆ. ನೇರ ಕೂದಲಿನವರಿಗೆ ಇದು ಬರಿಯ ನುಣುಪು. ಗುಂಗುರು ಕೂದಲಿನವರಿಗೋ, ಆ ಚೂಪು ತುದಿ ಬೆಳೆಯುವಾಗ ಬಾಗಿ ಚರ್ಮವನ್ನು ಒಳಗಿನಿಂದಲೇ ಚುಚ್ಚುತ್ತದೆ. ನೀವು ಮೊಡವೆಯೆಂದು ತಿಳಿದು ಹಿಸುಕುವ ಗುಳ್ಳೆ ಎಷ್ಟೋ ಸಲ ಇದೇ. ಇಂಥವರಿಗೆ ಒಂದೇ ಬ್ಲೇಡಿನ ಹಳೆಯ ಸೇಫ್ಟಿ ರೇಜರೇ ಹಿತ. ಅದೂ ಒಗ್ಗದಿದ್ದರೆ ಕೂದಲನ್ನು ಕೂದಲೆಳೆಯಷ್ಟು ಉಳಿಸಿ ಕತ್ತರಿಸುವ ಟ್ರಿಮ್ಮರು. ಕನ್ನಡಿಯಂಥ ಕೆನ್ನೆಯ ಆಸೆಯನ್ನು ಅವರು ಬಿಡಬೇಕು. ಗುಳ್ಳೆಗಳು ಕೀವುಗಟ್ಟಿದ್ದರೆ ಕ್ಷೌರವನ್ನು ಕೆಲವು ವಾರ ನಿಲ್ಲಿಸಿ ಚರ್ಮವೈದ್ಯರಿಗೆ ತೋರಿಸಿ.

ಬ್ಲೇಡು ಮೊಂಡಾಗುವುದಾದರೂ ಹೇಗೆ? ಉಕ್ಕು ಕೂದಲಿಗಿಂತ ಸುಮಾರು 50 ಪಾಲು ಗಡುಸು. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದಂತೆ, ಅಂಚು ನಯವಾಗಿ ಸವೆಯುವುದಕ್ಕಿಂತ ಅಲ್ಲಲ್ಲಿ ಮುಕ್ಕಾಗುತ್ತದೆ. ಕೂದಲು ಬಾಗಿ ಓರೆಯಾಗಿ ಸಿಕ್ಕಾಗ ಇದು ಹೆಚ್ಚು. ಮುಕ್ಕಾದ ಅಲಗು ಕೂದಲನ್ನು ಕೊಯ್ಯದೆ ಜಗ್ಗುತ್ತದೆ. ಜಗ್ಗಿದ್ದು ತಿಳಿದ ದಿನವೇ ಬ್ಲೇಡನ್ನು ಬದಲಿಸಿ. ಲೆಕ್ಕ ಇಡುವುದು ಬೇಡ.

ರೇಜರನ್ನು ಯಾವ ಕಡೆಗೆ ಎಳೆಯಬೇಕೆಂಬುದನ್ನು ಬೆರಳನ್ನು ಕೇಳಿ. ಒಂದು ದಿನದ ಗಡ್ಡದ ಮೇಲೆ ಬೆರಳಾಡಿಸಿದರೆ ನಯವಾಗಿ ಸಾಗುವ ದಿಕ್ಕೇ ಕೂದಲು ಬೆಳೆಯುವ ದಿಕ್ಕು. ಕುತ್ತಿಗೆಯಲ್ಲಿ ಅದು ಅಡ್ಡಕ್ಕೂ ಇರಬಹುದು, ಮೇಲಕ್ಕೂ ಇರಬಹುದು. ಆ ದಿಕ್ಕಿಗೇ ಗಿಡ್ಡ ಗಿಡ್ಡವಾಗಿ ಎಳೆಯಿರಿ. ಒತ್ತಬೇಡಿ, ರೇಜರಿನ ತೂಕವೇ ಸಾಕು.

ಮುಗಿದ ಮೇಲೆ ತಣ್ಣೀರು. ಟವಲಿನಿಂದ ಒತ್ತಿಕೊಳ್ಳಿ, ಉಜ್ಜಬೇಡಿ. ಉರಿದರೆ ಒಳ್ಳೆಯದೆಂದು ಸ್ಪಿರಿಟ್ಟಿನ ಲೋಷನ್ನು ಚಿಮುಕಿಸಿಕೊಳ್ಳುವುದು ಗಾಯಕ್ಕೆ ಉಪ್ಪು ಸವರಿದಂತೆಯೇ. ಸುವಾಸನೆಯಿಲ್ಲದ ಸಾದಾ ಲೇಪನ ಸಾಕು. ಕೊಬ್ಬರಿ ಎಣ್ಣೆ ಕೆಲವರಿಗೆ ಒಗ್ಗುತ್ತದೆ. ಮೊಡವೆಯ ಮುಖಕ್ಕೆ ಬೇಡ.

ಮನೆಯಲ್ಲಿ ಮೀಸೆ ಚಿಗುರಿದ ಹುಡುಗನಿದ್ದರೆ ಅವನಿಗೆ ಬೇರೆ ರೇಜರು ಕೊಡಿಸಿ. ತಂದೆಯದನ್ನೇ ಕೊಡುವ ರೂಢಿ ಒಳ್ಳೆಯದಲ್ಲ. ಹೆಪಟೈಟಿಸ್ ಬಿ ಕಾಮಾಲೆಯ ಸೋಂಕು ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ದಾಟಬಲ್ಲುದು. ಕ್ಷೌರದಂಗಡಿಯಲ್ಲಿಯೂ ಹೊಸ ಬ್ಲೇಡನ್ನು ನಿಮ್ಮ ಕಣ್ಣೆದುರಿಗೇ ಬಿಚ್ಚಿ ಹಾಕುವಂತೆ ಕೇಳಿ. ಕಸುಬು ಬಲ್ಲವರು ಬೇಸರಪಡುವುದಿಲ್ಲ. ಹತ್ತು ಮುಖಗಳ ಮೇಲೆ ಆಡಿ ಬಂದ ಪಟಿಕದ ಕಲ್ಲನ್ನು ಮಾತ್ರ ಬೇಡವೆನ್ನಿ. ಬೇಕಿದ್ದರೆ ನಿಮ್ಮದೇ ಒಂದು ತುಂಡನ್ನು ಜೇಬಿನಲ್ಲಿಟ್ಟುಕೊಂಡು ಹೋಗಬಹುದು.